ಗೆರೆ ಮುಟ್ಟಿದ್ದು ಯಾರ ಗಾಲಿ?

ಇನ್ನೂರಕ್ಕೂ ಹೆಚ್ಚು ಕಿಲೊಮೀಟರ್ ಸೈಕಲ್ ತುಳಿದ ಮೇಲೆ ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ಎಷ್ಟು ಅಂತರ ಉಳಿಯಬಹುದು? 2017ರ ಜುಲೈ 7ರಂದು ಟೂರ್ ಡಿ ಫ್ರಾನ್ಸ್‌ನ ಏಳನೇ ಹಂತದಲ್ಲಿ ಉಳಿದದ್ದು 6 ಮಿಲಿಮೀಟರ್. ನಾವು ಬರೆಯುವ ಪೆನ್ಸಿಲ್‌ನ ದಪ್ಪಕ್ಕಿಂತಲೂ ಕಡಿಮೆ. ಅಂದಿನ ದಾರಿ 213.5 ಕಿಲೊಮೀಟರ್. ಜರ್ಮನಿಯ ಮಾರ್ಸೆಲ್ ಕಿಟೆಲ್ ಮತ್ತು ನಾರ್ವೆಯ ಎಡ್ವಾಲ್ಡ್ ಬೊಸನ್ ಹಾಗನ್ ಇಬ್ಬರೂ ಒಟ್ಟಿಗೇ ಗೆರೆ ದಾಟಿದರು. ಗೆದ್ದೆನೋ ಸೋತೆನೋ ಎಂಬುದು ಅವರಿಗೇ ಗೊತ್ತಿರಲಿಲ್ಲ. ರಸ್ತೆಯ ಎರಡೂ ಬದಿ ನಿಂತ ಸಾವಿರಾರು ಜನರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಂದು ಫೋಟೊ ಬಂತು. ಕಿಟೆಲ್ ಗೆದ್ದಿದ್ದ. ಸಮಯದ ಲೆಕ್ಕದಲ್ಲಿ ಆ ಅಂತರ 0.0003 ಸೆಕೆಂಡ್.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಬಿ.ಇ. ವಿದ್ಯಾರ್ಥಿ. ನಮ್ಮ ಬಾಗಲಕೋಟೆ, ಪಕ್ಕದ ವಿಜಯಪುರ ಎಂದರೆ ಸೈಕ್ಲಿಂಗ್ ಪಟುಗಳ ಕಣಜ. ಬೆಳಿಗ್ಗೆ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಲಾಗಿ ಅಭ್ಯಾಸಕ್ಕೆ ಹೊರಟ ಹುಡುಗ ಹುಡುಗಿಯರು ಕಾಣುತ್ತಾರೆ. ಅವರ ರೇಸ್‌ಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಹಾಗೆ ತೆಗೆಯುತ್ತಾ ಹೋದಂತೆ ಕಾಡಿದ ಪ್ರಶ್ನೆ ಇದು: ಗೆಲುವಿನ ಕ್ಷಣವನ್ನು ನಿಜವಾಗಿ ಹಿಡಿಯುವುದು ಯಾವ ಕ್ಯಾಮೆರಾ?

ಎರಡು ಕ್ಯಾಮೆರಾ, ಎರಡು ಕೆಲಸ

ದೊಡ್ಡ ರಸ್ತೆ ರೇಸ್‌ನ ಕೊನೆಯ ಗೆರೆಯ ಬಳಿ ಎರಡು ಬಗೆಯ ಕ್ಯಾಮೆರಾಗಳಿರುತ್ತವೆ. ಒಂದು ಪತ್ರಿಕೆಗಳ ಛಾಯಾಗ್ರಾಹಕರದ್ದು. ಅವರು ಗೆರೆ ದಾಟಿ ಮುಂದೆ, ತಮಗೆ ಗೊತ್ತುಮಾಡಿದ ಜಾಗದಲ್ಲಿ, ಉದ್ದನೆಯ ಲೆನ್ಸ್ ಹಿಡಿದು ಸವಾರರಿಗೆ ಎದುರಾಗಿ ಕೂತಿರುತ್ತಾರೆ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ನಾವು ನೋಡುವ ಎತ್ತಿದ ಕೈ, ತೆರೆದ ಬಾಯಿ, ಬೆವರು, ಕಣ್ಣೀರು ಎಲ್ಲವೂ ಇವರದ್ದೇ.

ಇನ್ನೊಂದು ಕ್ಯಾಮೆರಾ ರಸ್ತೆಯ ಪಕ್ಕದಲ್ಲಿ, ಎತ್ತರದಲ್ಲಿ, ಗೆರೆಗೆ ಸರಿಯಾಗಿ ನೇರದಲ್ಲಿ ಕೂರುತ್ತದೆ. ಅದಕ್ಕೆ ಮುಖ ಬೇಕಿಲ್ಲ, ಭಾವ ಬೇಕಿಲ್ಲ. ಅದು ನೋಡುವುದು ಗೆರೆಯನ್ನು ಮಾತ್ರ. ಗೆದ್ದವರು ಯಾರು ಎಂದು ತೀರ್ಪುಗಾರರಿಗೆ ಹೇಳುವುದು ಇದು.

ಈ ಎರಡೂ ಒಂದರ ಕೆಲಸ ಇನ್ನೊಂದು ಮಾಡಲಾರವು. ಎದುರಿನಿಂದ ಉದ್ದನೆಯ ಲೆನ್ಸ್‌ನಲ್ಲಿ ನೋಡಿದಾಗ ಹಿಂದೆ ಮುಂದೆ ಇರುವವರೆಲ್ಲ ಒಂದೇ ಸಾಲಿನಲ್ಲಿ ಅಂಟಿಕೊಂಡಂತೆ ಕಾಣುತ್ತಾರೆ. ಒಂದು ಮೀಟರ್ ಹಿಂದಿದ್ದವನೂ ಪಕ್ಕದಲ್ಲೇ ಇದ್ದಂತೆ ತೋರುತ್ತಾನೆ. ಕ್ರಿಕೆಟ್‌ನಲ್ಲಿ ರನ್‌ಔಟ್ ತೀರ್ಪಿಗೆ ಕ್ರೀಸ್‌ನ ನೇರಕ್ಕೆ ಇಟ್ಟ ಕ್ಯಾಮೆರಾವನ್ನೇ ಮೂರನೇ ಅಂಪೈರ್ ನೋಡುತ್ತಾರಲ್ಲ, ಇದೂ ಹಾಗೆಯೇ. ಬೌಲರ್ ಹಿಂದಿನ ಕ್ಯಾಮೆರಾದಲ್ಲಿ ಬ್ಯಾಟ್ ಗೆರೆ ದಾಟಿತೋ ಇಲ್ಲವೋ ತಿಳಿಯುವುದಿಲ್ಲ.

ಎದೆಯಲ್ಲ, ಟೈರ್

ಓಟದ ಸ್ಪರ್ಧೆಯಲ್ಲಿ ಎದೆಭಾಗ ಗೆರೆ ಮುಟ್ಟಿದ ಕ್ಷಣವೇ ಲೆಕ್ಕ. ಕುದುರೆ ರೇಸ್‌ನಲ್ಲಿ ಮೂಗು. ಸೈಕ್ಲಿಂಗ್‌ನಲ್ಲಿ ಮುಂದಿನ ಗಾಲಿಯ ಟೈರ್. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ನಿಯಮದ ಪ್ರಕಾರ, 72 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿಯ ನಡುವೆ 4 ಸೆಂಟಿಮೀಟರ್ ಅಗಲದ ಕಪ್ಪು ಗೆರೆ ಇರಬೇಕು. ಗೆರೆಯ ಎರಡೂ ಬದಿಗೆ 34 ಸೆಂಟಿಮೀಟರ್ ಬಿಳಿ. ಆ ಕಪ್ಪು ಗೆರೆಯ ಮೊದಲ ಅಂಚಿನಿಂದ ಮೇಲಕ್ಕೆ ಒಂದು ಗಾಜಿನ ಗೋಡೆ ನಿಂತಿದೆ ಎಂದು ಊಹಿಸಿಕೊಳ್ಳಿ. ಮುಂದಿನ ಗಾಲಿಯ ಟೈರ್ ಆ ಗೋಡೆಗೆ ತಾಗಿದ ಕ್ಷಣವೇ ರೇಸ್ ಮುಗಿದ ಕ್ಷಣ.

ಸವಾರರಿಗೆ ಈ ನಿಯಮ ಚೆನ್ನಾಗಿ ಗೊತ್ತು. ಅದಕ್ಕೇ ಕೊನೆಯ ಕ್ಷಣದಲ್ಲಿ ಅವರು ಕೈಗಳನ್ನು ಮುಂದಕ್ಕೆ ಚಾಚಿ, ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳಿ ಸೈಕಲ್ಲನ್ನು ಮುಂದಕ್ಕೆ ಎಸೆಯುತ್ತಾರೆ. ದೇಹ ಹಿಂದೆ ಉಳಿದು ಗಾಲಿ ಮುಂದೆ ಹೋಗುತ್ತದೆ. ಆರು ತಾಸು ತುಳಿದ ಮೇಲೆ ಈ ಒಂದು ತಳ್ಳುವಿಕೆ ಪದಕದ ಬಣ್ಣ ಬದಲಿಸಿಬಿಡುತ್ತದೆ.

ಈಗ ಸ್ವಲ್ಪ ಲೆಕ್ಕ. ಗಂಟೆಗೆ 65 ಕಿಲೊಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 18 ಮೀಟರ್. ಸೆಕೆಂಡಿಗೆ 25 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸೈಕಲ್ 72 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಂದು ಚಿತ್ರದಲ್ಲಿ ಗಾಲಿ ಗೆರೆಯ ಹಿಂದಿದೆ, ಮುಂದಿನದರಲ್ಲಿ ಗೆರೆ ದಾಟಿಯಾಗಿದೆ. ದಾಟಿದ ಕ್ಷಣ ಯಾವ ಚಿತ್ರದಲ್ಲೂ ಇಲ್ಲ. ಸೆಕೆಂಡಿಗೆ 20 ಫೋಟೊ ತೆಗೆಯುವ ದುಬಾರಿ ಕ್ಯಾಮೆರಾದಲ್ಲೂ ಎರಡು ಫೋಟೊಗಳ ನಡುವೆ 90 ಸೆಂಟಿಮೀಟರ್ ಕಳೆದುಹೋಗುತ್ತದೆ. ಆರು ಮಿಲಿಮೀಟರ್ ವ್ಯತ್ಯಾಸ ಇಲ್ಲಿ ಎಲ್ಲಿಂದ ಸಿಗಬೇಕು?

ಸೀಳಿನೊಳಗಿಂದ ನೋಡುವ ಕಣ್ಣು

ಇಲ್ಲಿ ಎಂಜಿನಿಯರಿಂಗ್‌ನ ಒಂದು ಸರಳ ಜಾಣತನವಿದೆ. ಗೆಲುವು ನಿರ್ಧಾರವಾಗುವುದು ಗೆರೆಯ ಮೇಲೆ ತಾನೇ? ಹಾಗಿದ್ದರೆ ಇಡೀ ರಸ್ತೆಯ ಚಿತ್ರ ಯಾಕೆ ಬೇಕು? ಗೆರೆಯನ್ನಷ್ಟೇ ನೋಡಿದರೆ ಸಾಕು. ಫೋಟೊ ಫಿನಿಷ್ ಕ್ಯಾಮೆರಾ ಮಾಡುವುದು ಇಷ್ಟೇ. ಅದರ ಕಣ್ಣು ಒಂದು ತೆಳುವಾದ ಲಂಬ ಸೀಳು. ಒಂದೇ ಪಿಕ್ಸೆಲ್ ಅಗಲದ ಪಟ್ಟಿಯನ್ನು ಅದು ಸೆಕೆಂಡಿಗೆ ಸಾವಿರಾರು ಬಾರಿ ಓದುತ್ತದೆ. ಇಂದು ಸೆಕೆಂಡಿಗೆ 10,000 ಪಟ್ಟಿಗಳವರೆಗೆ ತೆಗೆಯಬಲ್ಲ ಕ್ಯಾಮೆರಾಗಳಿವೆ. ಆ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದರೆ ಒಂದು ಚಿತ್ರವಾಗುತ್ತದೆ. 65 ಕಿಲೊಮೀಟರ್ ವೇಗದಲ್ಲಿ ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ಸೈಕಲ್ ಸಾಗುವುದು 1.8 ಮಿಲಿಮೀಟರ್ ಮಾತ್ರ. ಈಗ ಆರು ಮಿಲಿಮೀಟರ್ ಕಾಣುತ್ತದೆ.

ಈ ಚಿತ್ರದ ಸ್ವಭಾವವೇ ಬೇರೆ. ಸಾಮಾನ್ಯ ಫೋಟೊದಲ್ಲಿ ಎಡದಿಂದ ಬಲಕ್ಕೆ ಇರುವುದು ಜಾಗ. ಇದರಲ್ಲಿ ಇರುವುದು ಕಾಲ. ಚಿತ್ರದಲ್ಲಿರುವ ಪ್ರತಿಯೊಬ್ಬ ಸವಾರನೂ ಗೆರೆಯ ಮೇಲೆಯೇ ಇದ್ದಾನೆ, ಆದರೆ ಬೇರೆ ಬೇರೆ ಕ್ಷಣದಲ್ಲಿ. ಹಾಗಾಗಿ ಹಿನ್ನೆಲೆಯಲ್ಲಿ ಜನರಿಲ್ಲ, ಮರವಿಲ್ಲ, ರಸ್ತೆಯಿಲ್ಲ. ಅಲುಗಾಡದೆ ಇರುವುದೆಲ್ಲ ಅಡ್ಡ ಗೀಟುಗಳಾಗಿ ಎಳೆದುಕೊಂಡು ಹೋಗಿರುತ್ತದೆ. ಗಾಲಿಯ ಕಡ್ಡಿಗಳು ಬಾಗಿರುತ್ತವೆ. ವೇಗವಾಗಿ ದಾಟಿದ ಸೈಕಲ್ ಗಿಡ್ಡವಾಗಿ, ನಿಧಾನವಾಗಿ ದಾಟಿದ್ದು ಉದ್ದವಾಗಿ ಕಾಣುತ್ತದೆ. ತೀರ್ಪುಗಾರರು ಕಂಪ್ಯೂಟರ್ ಪರದೆಯಲ್ಲಿ ಒಂದು ನೆಟ್ಟನೆಯ ಗೆರೆಯನ್ನು ಸರಿಸುತ್ತಾ ಹೋಗಿ ಪ್ರತಿ ಟೈರ್‌ನ ಮುಂಭಾಗಕ್ಕೆ ತಾಗಿಸಿ ಸಮಯ ಓದುತ್ತಾರೆ.

ಈ ತಂತ್ರ ಹೊಸದಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸೀಳಿನ ಹಿಂದೆ ಫಿಲ್ಮ್ ಸುರುಳಿಯೇ ಓಡುತ್ತಿತ್ತು. ಮೊದಲು ಕುದುರೆ ರೇಸ್‌ನಲ್ಲಿ ಬಳಕೆಗೆ ಬಂದ ಇಂಥ ಕ್ಯಾಮೆರಾ 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಇತ್ತು. ಅಲ್ಲಿ 100 ಮೀಟರ್ ಓಟದಲ್ಲಿ ತಾನೇ ಗೆದ್ದೆ ಎಂದುಕೊಂಡಿದ್ದ ಅಮೆರಿಕದ ಬಾರ್ನಿ ಇವೆಲ್‌ಗೆ ಸಿಕ್ಕಿದ್ದು ಎರಡನೇ ಸ್ಥಾನ. ಮೊದಲಿಗ ಹ್ಯಾರಿಸನ್ ಡಿಲ್ಲಾರ್ಡ್ ಎಂದು ಫೋಟೊ ಹೇಳಿತು. ಇನ್ನು ನಮ್ಮ ಪಿ.ಟಿ. ಉಷಾ ಅವರನ್ನು ಮರೆಯುವುದುಂಟೇ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಅವರ ಸಮಯ 55.42 ಸೆಕೆಂಡ್. ಕಂಚು ಗೆದ್ದ ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಸಮಯ 55.41. ಆ ನೂರನೇ ಒಂದು ಸೆಕೆಂಡನ್ನು ದೇಶ ಇಂದಿಗೂ ನೆನೆಯುತ್ತದೆ. ಅದನ್ನು ತೋರಿಸಿದ್ದೂ ಇಂಥದೇ ಒಂದು ಚಿತ್ರ.

ಕೈ ಎತ್ತಿ ಕಳೆದುಕೊಂಡವರು

ಗೆಲುವಿನ ಫೋಟೊ ಎಂದರೆ ಎತ್ತಿದ ಎರಡು ಕೈ ಎಂಬ ಭಾವನೆ ನಮ್ಮಲ್ಲಿದೆ. ಸೈಕ್ಲಿಂಗ್ ಚರಿತ್ರೆಯಲ್ಲಿ ಆ ಕೈಗಳೇ ಮೋಸ ಮಾಡಿದ್ದುಂಟು. 2004ರ ಮಿಲಾನ್–ಸ್ಯಾನ್ ರೆಮೊ ರೇಸ್‌ನಲ್ಲಿ ಜರ್ಮನಿಯ ಎರಿಕ್ ಜಾಬೆಲ್ ಗೆರೆಗೆ ಕೆಲವೇ ಅಡಿ ಇರುವಾಗ ಕೈ ಎತ್ತಿದರು. ಅದೇ ರೇಸನ್ನು ಅದಕ್ಕೂ ಮುಂಚೆ ನಾಲ್ಕು ಬಾರಿ ಗೆದ್ದಿದ್ದವರು ಅವರು. ಕೈ ಎತ್ತಿದ ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಸ್ಪೇನ್‌ನ ಆಸ್ಕರ್ ಫ್ರೆಯಿರೆ ಸೈಕಲ್ಲನ್ನು ಮುಂದಕ್ಕೆ ಎಸೆದರು. ಗೆದ್ದದ್ದು ಫ್ರೆಯಿರೆ.

2020ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಲೀಜ್–ಬಾಸ್ತೋನ್–ಲೀಜ್ ರೇಸ್‌ನಲ್ಲೂ ಹೀಗೇ ಆಯಿತು. ಒಂದು ವಾರದ ಹಿಂದಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಫ್ರಾನ್ಸ್‌ನ ಜುಲಿಯನ್ ಅಲಾಫಿಲಿಪ್ ಗೆರೆಯ ಮುಂಚೆಯೇ ಕೈ ಮೇಲೆತ್ತಿದರು. ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಕೊನೆಯ ಗಳಿಗೆಯವರೆಗೂ ತಲೆ ತಗ್ಗಿಸಿ ತುಳಿದು ಗಾಲಿ ಮುಂದಕ್ಕೆ ಚಾಚಿದ್ದರು. ರೊಗ್ಲಿಚ್ ಗೆದ್ದರು. ದಾರಿ ಬದಲಿಸಿ ಇತರರಿಗೆ ಅಡ್ಡಿ ಮಾಡಿದ್ದಕ್ಕೆ ಅಲಾಫಿಲಿಪ್ ಅವರನ್ನು ಐದನೇ ಸ್ಥಾನಕ್ಕೆ ಇಳಿಸಲಾಯಿತು.

ಈ ಎರಡೂ ರೇಸ್‌ಗಳ ಎದುರಿನ ಫೋಟೊಗಳನ್ನು ಹುಡುಕಿ ನೋಡಿ. ವಿಷಯ ಗೊತ್ತಿಲ್ಲದವರಿಗೆ ತೋರಿಸಿದರೆ ಕೈ ಎತ್ತಿದವರೇ ಗೆದ್ದವರು ಎನ್ನುತ್ತಾರೆ. ಫೋಟೊ ಸುಳ್ಳು ಹೇಳುತ್ತಿಲ್ಲ. ಆ ಕ್ಷಣದಲ್ಲಿ ಅವರು ನಿಜವಾಗಿಯೂ ಸಂತೋಷಪಟ್ಟಿದ್ದರು. ಆದರೆ ಸಂತೋಷಕ್ಕೂ ಸ್ಥಾನಕ್ಕೂ ಸಂಬಂಧವಿರಬೇಕೆಂದೇನಿಲ್ಲ.

ಯಂತ್ರವಿದ್ದ ಮಾತ್ರಕ್ಕೆ ಎಲ್ಲ ಸುಸೂತ್ರ ಎಂದೂ ಇಲ್ಲ. ನೆದರ್ಲೆಂಡ್ಸ್‌ನ ಆ್ಯಮ್‌ಸ್ಟೆಲ್ ಗೋಲ್ಡ್ ರೇಸ್‌ನಲ್ಲಿ 2021ರಲ್ಲಿ ವೌಟ್ ವಾನ್ ಆರ್ಟ್ ಗೆದ್ದರು, ಟಾಮ್ ಪಿಡ್ಕಾಕ್ ಎರಡನೆಯವರು ಎಂದು ಘೋಷಿಸಿದಾಗ ಟಿ.ವಿ.ಯಲ್ಲಿ ನೋಡಿದ ಅನೇಕರು ಒಪ್ಪಲಿಲ್ಲ. ಕ್ಯಾಮೆರಾ ಗೆರೆಗೆ ಸರಿಯಾಗಿ ನೇರದಲ್ಲಿತ್ತೇ ಎಂಬ ಚರ್ಚೆ ನಡೆಯಿತು. ಮರುವರ್ಷ ಅದೇ ರೇಸ್‌ನಲ್ಲಿ ಫ್ರಾನ್ಸ್‌ನ ಬೆನ್ವಾ ಕೊನೆಫ್ರ್ವಾಗೆ ಮೊದಲು ನೀನೇ ಗೆದ್ದೆ ಎಂಬ ಸುದ್ದಿ ಬಂತು. ಅವರು ಸಂಭ್ರಮಿಸಿದರು. ಸ್ವಲ್ಪ ಹೊತ್ತಿನಲ್ಲೇ ಫೋಟೊ ನೋಡಿ ಪೋಲೆಂಡ್‌ನ ಮಿಹಾವ್ ಕ್ವಿಯಾಟ್‌ಕೊವ್‌ಸ್ಕಿ ವಿಜೇತ ಎಂದು ಘೋಷಿಸಿದರು. ಕ್ಯಾಮೆರಾ ಎಷ್ಟೇ ವೇಗದ್ದಿರಲಿ, ಅದನ್ನು ನೇರಕ್ಕೆ ಕೂರಿಸುವವರು, ಚಿತ್ರವನ್ನು ಆತುರಪಡದೆ ಓದುವವರು ಮನುಷ್ಯರೇ.

ಎದುರಿಗೆ ಕೂತವರ ಕಸುಬು

ಹಾಗಾದರೆ ಪತ್ರಿಕಾ ಛಾಯಾಗ್ರಾಹಕರ ಕೆಲಸ ಸುಲಭವೇ? ಅಲ್ಲ. ಅವರಿಗೆ ಸಿಗುವುದು ಒಂದೇ ಅವಕಾಶ. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷ ಆಟ ಕಣ್ಣೆದುರೇ ಇರುತ್ತದೆ. ರಸ್ತೆ ರೇಸ್‌ನಲ್ಲಿ ಐದಾರು ತಾಸು ಕಾದ ಮೇಲೆ ಗುಂಪು ಕಾಣಿಸಿಕೊಂಡು ಹತ್ತು ಹದಿನೈದು ಸೆಕೆಂಡಿನಲ್ಲಿ ಎಲ್ಲ ಮುಗಿದುಹೋಗುತ್ತದೆ. 'ಇನ್ನೊಮ್ಮೆ' ಎನ್ನುವ ಮಾತಿಲ್ಲ.

ಶಟರ್ ವೇಗದ ಲೆಕ್ಕ ನೋಡಿ. ಸೆಕೆಂಡಿನ 1/1000 ಭಾಗ ಶಟರ್ ತೆರೆದಿದ್ದರೂ ಅಷ್ಟರಲ್ಲಿ ಸೈಕಲ್ 18 ಮಿಲಿಮೀಟರ್ ಸರಿದಿರುತ್ತದೆ. 1/2000 ಇಟ್ಟರೆ 9 ಮಿಲಿಮೀಟರ್. ಎದುರಿನಿಂದ ತೆಗೆಯುವಾಗ ಇಷ್ಟು ಸಾಕು. ಪಕ್ಕದಿಂದ ತೆಗೆಯುವವರು ಕೆಲವೊಮ್ಮೆ ಬೇಕೆಂದೇ 1/60ರಷ್ಟು ನಿಧಾನದ ಶಟರ್ ಇಟ್ಟು ಸವಾರನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾರೆ. ಸವಾರ ಸ್ಪಷ್ಟವಾಗಿ, ಹಿನ್ನೆಲೆ ಗಾಳಿಯಂತೆ ಬರುತ್ತದೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಹತ್ತು ತೆಗೆದರೆ ಒಂದು ಸರಿ ಬರುವ ವಿದ್ಯೆ ಇದು. ಹಾಗಾಗಿ ಗೆಲುವಿನ ಕ್ಷಣಕ್ಕಿಂತ ದಾರಿಯ ಮಧ್ಯೆ ಪ್ರಯೋಗಿಸುವುದೇ ಲೇಸು.

ಕ್ಯಾಮೆರಾಗಿಂತ ಮುಖ್ಯವಾದದ್ದು ಆಟದ ತಿಳಿವಳಿಕೆ. ಯಾರು ಸ್ಪ್ರಿಂಟರ್, ಯಾರು ಅವರಿಗೆ ಗಾಳಿ ತಡೆದು ಕರೆತರುವವರು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಕೊನೆಯ ತಿರುವು ಎಡಕ್ಕೋ ಬಲಕ್ಕೋ ಎಂಬುದು ಗೊತ್ತಿದ್ದರೆ ಯಾವ ಬದಿಯಿಂದ ಗೆಲುವು ಬರಬಹುದೆಂದು ಅಂದಾಜಿಸಬಹುದು. ಗುಂಪಿನಲ್ಲಿ ಎಂಬತ್ತು ಜನ ಒಟ್ಟಿಗೆ ಬರುವಾಗ ಫೋಕಸ್ ಇಡಬೇಕಾದ್ದು ಒಬ್ಬರ ಮೇಲೆ ಮಾತ್ರ. ಯಾರೆಂದು ಮೊದಲೇ ನಿರ್ಧರಿಸಿರಬೇಕು. ಬ್ರಿಟನ್ನಿನ ಗ್ರಹಾಂ ವಾಟ್ಸನ್ ದಶಕಗಳ ಕಾಲ ಈ ಕಸುಬಿನಲ್ಲಿ ಹೆಸರು ಮಾಡಿದವರು. ಅವರ ಚಿತ್ರಗಳನ್ನು ನೋಡಿದರೆ ಸೈಕ್ಲಿಂಗ್ ಬಲ್ಲವರೇ ಅದನ್ನು ತೆಗೆಯಬಲ್ಲರು ಎಂಬುದು ಅರ್ಥವಾಗುತ್ತದೆ.

ಇನ್ನೊಂದು ಮಾತು. ಒಳ್ಳೆಯ ಛಾಯಾಗ್ರಾಹಕರು ಗೆದ್ದವರು ದಾಟಿದ ಕೂಡಲೇ ಕ್ಯಾಮೆರಾ ಕೆಳಗಿಳಿಸುವುದಿಲ್ಲ. ಎರಡನೆಯವರು ಹ್ಯಾಂಡಲ್ ಮೇಲೆ ಮುಷ್ಟಿ ಗುದ್ದುವುದು, ಗೆದ್ದ ಗೆಳೆಯನಿಗಾಗಿ ಇಡೀ ದಿನ ದುಡಿದ ತಂಡದವರು ಹಿಂದಿನಿಂದ ಬರುತ್ತಾ ಅಲ್ಲಿಂದಲೇ ಕೈ ಎತ್ತುವುದು, ನೀರಿನ ಬಾಟಲಿ ಕೊಡಲು ನಿಂತವರ ಕಣ್ಣು ತುಂಬುವುದು ಎಲ್ಲವೂ ಮುಂದಿನ ಒಂದು ನಿಮಿಷದಲ್ಲಿ ನಡೆಯುತ್ತವೆ.

ಫೋಟೊಗಾಗಿ ರಸ್ತೆಗಿಳಿದವರು

ಈಗ ಕಹಿಯಾದ ಭಾಗ. 1994ರ ಟೂರ್ ಡಿ ಫ್ರಾನ್ಸ್‌ನ ಮೊದಲ ಹಂತ ಆರ್ಮೆಂಟಿಯೇರ್ ಎಂಬ ಪಟ್ಟಣದಲ್ಲಿ ಮುಗಿಯಬೇಕಿತ್ತು. ಜನರನ್ನು ನಿಯಂತ್ರಿಸಲು ನಿಂತಿದ್ದ ಪೊಲೀಸ್ ಸಿಬ್ಬಂದಿಯೊಬ್ಬರು ಕ್ಯಾಮೆರಾ ಹಿಡಿದು, ಫೋಟೊ ತೆಗೆಯಲೆಂದು ತಡೆಬೇಲಿಯಿಂದ ಸ್ವಲ್ಪ ಮುಂದಕ್ಕೆ ಬಂದರು. ತಲೆ ತಗ್ಗಿಸಿ ಪೂರ್ಣ ವೇಗದಲ್ಲಿ ಬರುತ್ತಿದ್ದ ಬೆಲ್ಜಿಯಂನ ವಿಲ್‌ಫ್ರೀಡ್ ನೆಲಿಸೆನ್ ಅವರಿಗೆ ಡಿಕ್ಕಿ ಹೊಡೆದರು. ಫ್ರಾನ್ಸ್‌ನ ಲಾರೆಂಟ್ ಜಲಾಬೆರ್ ಕೂಡ ನೆಲಕ್ಕಪ್ಪಳಿಸಿದರು. ಮುಖಕ್ಕೆ ತೀವ್ರ ಪೆಟ್ಟು, ರಕ್ತ. ಇಬ್ಬರ ಟೂರ್ ಅಲ್ಲಿಗೇ ಮುಗಿಯಿತು. ಆ ಹಂತ ಗೆದ್ದವರು ಉಜ್ಬೇಕಿಸ್ತಾನದ ಜಮೊಲಿದಿನ್ ಅಬ್ದುಜಪರೊವ್. ಆದರೆ ಆ ದಿನದ ಚಿತ್ರ ಎಂದರೆ ಜನರಿಗೆ ನೆನಪಾಗುವುದು ರಸ್ತೆಯ ಮೇಲೆ ಕೂತ ಜಲಾಬೆರ್. ಮರುವರ್ಷ ಅವರು ಸ್ಪೇನ್‌ನ ವುಯೆಲ್ಟಾ ರೇಸ್ ಗೆದ್ದು ಮರಳಿದರು ಎಂಬುದೇ ಸಮಾಧಾನ.

1999ರಲ್ಲಿ ಆಲ್ಪ್ ಡುಯೆಜ್ ಬೆಟ್ಟದ ಮೇಲೆ ಇಟಲಿಯ ಜುಸೆಪ್ಪೆ ಗುವೆರಿನಿ ಒಂಟಿಯಾಗಿ ಮುಂದಿದ್ದರು. ಗೆರೆ ಒಂದು ಕಿಲೊಮೀಟರ್‌ಗಿಂತ ಕಡಿಮೆ ದೂರದಲ್ಲಿತ್ತು. ಕ್ಯಾಮೆರಾ ಕಣ್ಣಿಗೆ ಹಿಡಿದ ಯುವಕನೊಬ್ಬ ರಸ್ತೆ ನಡುವೆ ನಿಂತಿದ್ದ. ಲೆನ್ಸ್‌ನೊಳಗೆ ಸವಾರ ಎಷ್ಟು ಹತ್ತಿರ ಬಂದಿದ್ದಾನೆಂಬುದು ಅವನಿಗೆ ತಿಳಿಯಲಿಲ್ಲ. ಗುವೆರಿನಿ ಗುದ್ದಿ ಬಿದ್ದರು, ಎದ್ದರು, ಮತ್ತೆ ತುಳಿದು ಗೆದ್ದರು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. 2021ರ ಟೂರ್‌ನ ಮೊದಲ ದಿನ ಪ್ರೇಕ್ಷಕಿಯೊಬ್ಬರು ಟಿ.ವಿ. ಕ್ಯಾಮೆರಾ ಕಡೆ ಮುಖ ಮಾಡಿ, ಸವಾರರಿಗೆ ಬೆನ್ನು ಹಾಕಿ, ಫಲಕ ಹಿಡಿದು ರಸ್ತೆಗೆ ಚಾಚಿದರು. ಟೋನಿ ಮಾರ್ಟಿನ್ ಅದಕ್ಕೆ ತಾಗಿ ಬಿದ್ದರು. ಅವರ ಹಿಂದಿದ್ದವರು ಒಬ್ಬರ ಮೇಲೊಬ್ಬರು ಉರುಳಿದರು.

ವ್ಯೂಫೈಂಡರ್‌ನಲ್ಲಿ ಅಥವಾ ಫೋನ್ ಪರದೆಯಲ್ಲಿ ನೋಡುವಾಗ ದೂರದ ಅಂದಾಜು ಕೈಕೊಡುತ್ತದೆ. ಅಗಲ ಕೋನದ ಲೆನ್ಸ್ ಹತ್ತಿರ ಇರುವುದನ್ನೂ ದೂರದಂತೆ ತೋರಿಸುತ್ತದೆ. ನಮ್ಮ ಫೋನ್‌ಗಳ ಕ್ಯಾಮೆರಾ ಬಹುತೇಕ ಇಂಥದ್ದೇ. ಗುಂಪು ಇನ್ನೂ ದೂರವಿದೆ ಎನಿಸುವಾಗಲೇ ಅದು ಮೈಮೇಲೆ ಬಂದಿರುತ್ತದೆ. ರೀಲ್ಸ್ ಮಾಡುವ ನಮ್ಮ ತಲೆಮಾರಿಗೆ ಇದನ್ನು ಬೇರೆ ಯಾರೂ ಹೇಳಬೇಕಿಲ್ಲ, ನಾವೇ ಹೇಳಿಕೊಳ್ಳಬೇಕು.

ನಮ್ಮೂರ ಶರ್ಯತ್ತು

ನಮ್ಮ ಭಾಗದಲ್ಲಿ ಜಾತ್ರೆಗೊಂದು ಸೈಕಲ್ ಶರ್ಯತ್ತು ಇದ್ದೇ ಇರುತ್ತದೆ. ಕಳೆದ ವರ್ಷ ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ಶರ್ಯತ್ತಿಗೆ ಗೆಳೆಯನ ಜೊತೆ ಹೋಗಿದ್ದೆ. ಗೆಳೆಯನ ತಮ್ಮ, ಹತ್ತನೇ ತರಗತಿಯ ಹುಡುಗ, ಸ್ಪರ್ಧೆಯಲ್ಲಿದ್ದ. ಕೊನೆಯ ಗೆರೆಯನ್ನು ಸುಣ್ಣದ ಪುಡಿಯಲ್ಲಿ ಎಳೆದಿದ್ದರು. ಮುಂದೆ ಬಂದ ಬೈಕಿನ ಗಾಲಿಗೆ ಅದರ ಅರ್ಧ ಅಳಿಸಿಯೇ ಹೋಗಿತ್ತು. ಮೊದಲೆರಡು ಸ್ಥಾನಕ್ಕೆ ತಕರಾರಿರಲಿಲ್ಲ. ಮೂರನೆಯದಕ್ಕೆ ಇಬ್ಬರು ಒಟ್ಟಿಗೇ ಬಂದರು. ಒಬ್ಬ ಗೆಳೆಯನ ತಮ್ಮ, ಇನ್ನೊಬ್ಬ ಪಕ್ಕದ ಜಿಲ್ಲೆಯ ಹುಡುಗ. ಎರಡೂ ಕಡೆಯವರ ದನಿ ಏರಿತು.

ಕಮಿಟಿಯ ಹಿರಿಯರೊಬ್ಬರು ನನ್ನ ಕೊರಳಲ್ಲಿದ್ದ ಕ್ಯಾಮೆರಾ ನೋಡಿ ಕರೆದರು. ‘ತಮ್ಮಾ, ನಿನ್ನ ಕ್ಯಾಮೆರಾದಾಗ ನೋಡಿ ಹೇಳು, ಮೂರನೇ ನಂಬರ್ ಯಾರದು?’ ಗೆಳೆಯ ನನ್ನನ್ನೇ ನೋಡುತ್ತಿದ್ದ. ನನ್ನ ಫೋಟೊದಲ್ಲಿ ಅವನ ತಮ್ಮನ ಗಾಲಿ ಮುಂದಿರುವಂತೆಯೇ ಕಾಣುತ್ತಿತ್ತು. ಆದರೆ ನಾನು ಗೆರೆ ದಾಟಿ ಮುಂದೆ, ಅವನ ಬದಿಯಲ್ಲೇ, ಓರೆಯಾಗಿ ನಿಂತಿದ್ದೆ. ಆ ಕೋನದಿಂದ ನನ್ನ ಬದಿಯವನೇ ಮುಂದೆ ಕಾಣುತ್ತಾನೆ. ‘ಕಾಕಾ, ನಾ ಎದುರಿಗೆ ನಿಂತು ತೆಗದೀನ್ರಿ. ಇದರಾಗ ಯಾರು ಮುಂದ ಅಂತ ಹೇಳಾಕ ಬರಂಗಿಲ್ರಿ’ ಎಂದೆ.

ಅಲ್ಲಿ ನೂರಾರು ಫೋನ್‌ಗಳಿದ್ದವು. ಹತ್ತಾರು ವಿಡಿಯೊ ನೋಡಿದರು. ಒಂದೊಂದು ವಿಡಿಯೊ ಒಂದೊಂದು ಹೆಸರು ಹೇಳಿತು. ಗೆರೆಯ ನೇರಕ್ಕೆ ನಿಂತು ತೆಗೆದದ್ದು ಒಂದೂ ಇರಲಿಲ್ಲ. ಕೊನೆಗೆ ಹಣವನ್ನು ಇಬ್ಬರಿಗೂ ಸಮನಾಗಿ ಹಂಚಿ, ಕಪ್‌ಗಾಗಿ ಚೀಟಿ ಎತ್ತಿದರು. ಕಪ್ ಪಕ್ಕದ ಜಿಲ್ಲೆಯ ಹುಡುಗನ ಪಾಲಾಯಿತು. ಗೆಳೆಯ ಊರು ಮುಟ್ಟುವವರೆಗೂ ಮಾತಾಡಲಿಲ್ಲ. ಊರ ಹತ್ತಿರ ಬಂದ ಮೇಲೆ, ‘ನೀ ಹೇಳಿದ್ದು ಖರೆನ ಐತಿ ಬಿಡು’ ಎಂದ.

ಜಾತ್ರೆಯ ಕಪ್ ಚೀಟಿಯಲ್ಲಿ ಹೋದರೆ ಹೋಗಲಿ ಎನ್ನಬಹುದು. ಆದರೆ ಇದೇ ಹುಡುಗರು ನಾಳೆ ಜಿಲ್ಲೆ, ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ವೃತ್ತಿಶಿಕ್ಷಣದ ಸೀಟಿಗೆ ಕ್ರೀಡಾ ಕೋಟಾ ಇದೆ. ರೈಲ್ವೆಯಂಥ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ನೌಕರಿ ಇದೆ. ಅಲ್ಲಿ ಕೇಳುವುದು ಪ್ರಮಾಣಪತ್ರದಲ್ಲಿ ಬರೆದ ಸ್ಥಾನವನ್ನು. ಮೂರನೆಯವರಿಗೂ ನಾಲ್ಕನೆಯವರಿಗೂ ರಸ್ತೆಯ ಮೇಲಿರುವ ಅಂತರ ಬೆರಳಗಲ. ಪ್ರಮಾಣಪತ್ರದ ಮೇಲೆ ಅದೇ ಅಂತರ ಒಂದು ಸಂಸಾರದ ದಾರಿ ಬದಲಿಸಬಲ್ಲದು. ಕೆಲಸ ಹುಡುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫೋನ್‌ನಲ್ಲೇ ಫೋಟೊ ಫಿನಿಷ್

ಲಕ್ಷಾಂತರ ರೂಪಾಯಿಯ ಕ್ಯಾಮೆರಾ ಪ್ರತಿ ಊರಿಗೂ ತರಲಾಗದು. ಹಾಗೆಂದು ಚೀಟಿಯೇ ಗತಿಯೂ ಅಲ್ಲ. ನಾವು ಮೂವರು ಸಹಪಾಠಿಗಳು ಕಾಲೇಜಿನ ಹಿಂದಿನ ರಸ್ತೆಯಲ್ಲಿ ಎರಡು ಸೈಕಲ್ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದೆವು. ತತ್ವ ಅದೇ ಸೀಳಿನದು. ಫೋನನ್ನು ಗೆರೆಯ ನೇರಕ್ಕೆ ಟ್ರೈಪಾಡ್ ಮೇಲೆ ಕೂರಿಸಿ, ಸೆಕೆಂಡಿಗೆ 240 ಚಿತ್ರಗಳ ಸ್ಲೋ ಮೋಷನ್ ವಿಡಿಯೊ ತೆಗೆದೆವು. ಪ್ರತಿ ಚಿತ್ರದಿಂದ ಗೆರೆಯ ಮೇಲಿರುವ ಒಂದೇ ಲಂಬ ಪಟ್ಟಿಯನ್ನು ಕತ್ತರಿಸಿ ಪಕ್ಕಪಕ್ಕ ಜೋಡಿಸಿದೆವು. ಪೈಥಾನ್ ಮತ್ತು ಓಪನ್‌ಸಿವಿ ಬಲ್ಲವರಿಗೆ ಇದು ಇಪ್ಪತ್ತು ಸಾಲಿನ ಕೋಡ್. ದೂರದರ್ಶನದಲ್ಲಿ ನೋಡಿದಂಥದೇ ಬಾಗಿದ ಕಡ್ಡಿಗಳ ಚಿತ್ರ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮೂಡಿದಾಗ ಆದ ಖುಷಿ ಯಾವ ಲ್ಯಾಬ್ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಗಂಟೆಗೆ 54 ಕಿಲೊಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 15 ಮೀಟರ್‌ನಲ್ಲಿ, 240 ಪಟ್ಟಿಗಳ ಚಿತ್ರ ತೋರಿಸಬಲ್ಲ ಅಂತರ ಸುಮಾರು 6 ಸೆಂಟಿಮೀಟರ್. ಅದಕ್ಕಿಂತ ಹತ್ತಿರ ಬಂದರೆ ‘ಸಮ’ ಎಂದು ಒಪ್ಪಿಕೊಳ್ಳಬೇಕು. ಕಿಟೆಲ್ ಗೆದ್ದ 6 ಮಿಲಿಮೀಟರ್ ಕಾಣಬೇಕಾದರೆ ಸೆಕೆಂಡಿಗೆ 3,300ಕ್ಕೂ ಹೆಚ್ಚು ಪಟ್ಟಿ ಬೇಕು. ಆದರೆ ಜಾತ್ರೆಯ ಶರ್ಯತ್ತಿನ ಬಹುಪಾಲು ಜಗಳಗಳು ಒಂದು ಗೇಣಿನ ಒಳಗಿನವು. ಅಷ್ಟನ್ನು ಈ ಫೋನ್ ಬಗೆಹರಿಸುತ್ತದೆ.

ಮಾಡಿ ನೋಡುವವರಿಗೆ ನಾವು ಕಲಿತ ಕೆಲವು ಸಂಗತಿಗಳು:

ಗೆರೆಯನ್ನು ಪುಡಿಯಲ್ಲಿ ಎಳೆಯಬೇಡಿ. ಬಣ್ಣ ಅಥವಾ ಅಗಲದ ಟೇಪ್ ಬಳಸಿ. ನಡುವೆ ಕಪ್ಪು, ಎರಡು ಬದಿ ಬಿಳಿ ಇದ್ದರೆ ಟೈರ್ ಸ್ಪಷ್ಟವಾಗಿ ಕಾಣುತ್ತದೆ.

ಫೋನ್ ಗೆರೆಗೆ ಕೂದಲೆಳೆಯಷ್ಟೂ ಓರೆಯಾಗಬಾರದು. ರಸ್ತೆಯ ಆಚೆ ಬದಿಯಲ್ಲಿ ಗೆರೆಯ ತುದಿಗೆ ಒಂದು ನೆಟ್ಟನೆಯ ಕೋಲು ನಿಲ್ಲಿಸಿ. ಗೆರೆಯ ಎರಡೂ ತುದಿ ಮತ್ತು ಕೋಲು ಪರದೆಯಲ್ಲಿ ಒಂದೇ ಸಾಲಿಗೆ ಬಂದರೆ ಸರಿ. ಸ್ವಲ್ಪ ಎತ್ತರದಲ್ಲಿಟ್ಟರೆ ಈಚೆಯವನ ಮರೆಯಲ್ಲಿ ಆಚೆಯವನು ಕಾಣದೆ ಹೋಗುವುದು ತಪ್ಪುತ್ತದೆ.

ಫೋನನ್ನು ನೆಟ್ಟಗೆ ಹಿಡಿಯಿರಿ, ಅಡ್ಡ ಬೇಡ. ಫೋನ್‌ನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಬಾರಿ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ನೆಟ್ಟಗೆ ಹಿಡಿದಾಗ ಬಹುತೇಕ ಫೋನ್‌ಗಳಲ್ಲಿ ಆ ಸಾಲುಗಳು ಲಂಬವಾಗುತ್ತವೆ. ನಮಗೆ ಬೇಕಾದ ಪಟ್ಟಿ ಒಂದೇ ಕ್ಷಣದಲ್ಲಿ ಓದಿದ್ದಾಗಿರುತ್ತದೆ.

ಕೆಲವು ಫೋನ್‌ಗಳು ಕಡಿಮೆ ಚಿತ್ರ ತೆಗೆದು ನಡುವಿನವನ್ನು ಸಾಫ್ಟ್‌ವೇರ್‌ನಿಂದ ತುಂಬಿಸಿ 240 ಎನ್ನುತ್ತವೆ. ಅಂಥ ಚಿತ್ರ ಸಾಕ್ಷಿಯಾಗದು. ಮೊದಲೇ ಪರೀಕ್ಷಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪಟ್ಟಿಯನ್ನು ನೋಡಿ ತೀರ್ಪು ಕೊಡುತ್ತೇವೆ ಎಂಬುದನ್ನು ಶರ್ಯತ್ತಿಗೆ ಮುಂಚೆಯೇ ಕಮಿಟಿಯವರಿಗೂ ಸ್ಪರ್ಧಿಗಳಿಗೂ ತೋರಿಸಿ ಒಪ್ಪಿಗೆ ಪಡೆಯಿರಿ. ಜಗಳ ಶುರುವಾದ ಮೇಲೆ ತೋರಿಸಿದ ಚಿತ್ರವನ್ನು ಯಾರೂ ನಂಬುವುದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾ ಅಂತರ್ಜಾಲದಿಂದ ಯಾವುದೋ ಹಳೆಯ ಪ್ರಾಜೆಕ್ಟ್ ಇಳಿಸಿಕೊಳ್ಳುವ ಬದಲು ಇಂಥದ್ದೊಂದನ್ನು ಕೈಗೆತ್ತಿಕೊಳ್ಳಬಹುದು. ಇದರಲ್ಲಿ ಇಮೇಜ್ ಪ್ರೊಸೆಸಿಂಗ್ ಇದೆ, ಟೈಮಿಂಗ್ ಇದೆ, ಕ್ಯಾಮೆರಾ ಜ್ಯಾಮಿತಿ ಇದೆ. ಸಂದರ್ಶನದಲ್ಲಿ ‘ಇದರಿಂದ ಯಾರಿಗೆ ಉಪಯೋಗ?’ ಎಂದು ಕೇಳಿದರೆ ಊರಿನ ಹೆಸರನ್ನೇ ಹೇಳಬಹುದು. ಕ್ಯಾಮೆರಾ ಹಿಡಿಯುವ ಆಸಕ್ತಿ ಇರುವವರಿಗೆ ಕ್ರೀಡಾ ಛಾಯಾಗ್ರಹಣದಲ್ಲಿ ಕಲಿಯಲು ನಮ್ಮ ಜಿಲ್ಲೆಗಳ ರಸ್ತೆ ರೇಸ್‌ಗಳಷ್ಟು ಒಳ್ಳೆಯ ಶಾಲೆ ಇನ್ನೊಂದಿಲ್ಲ. ಪ್ರವೇಶ ಶುಲ್ಕವಿಲ್ಲ, ಪಾಸ್ ಬೇಕಿಲ್ಲ. ಬೆಳಿಗ್ಗೆ ಬೇಗ ಏಳಬೇಕಷ್ಟೆ.

ಈ ವರ್ಷದ ಜಾತ್ರೆಯ ಹಂಗಾಮು ಹತ್ತಿರ ಬರುತ್ತಿದೆ. ನಿಮ್ಮೂರಿನಲ್ಲಿ ಶರ್ಯತ್ತು ಇದ್ದರೆ ನಾಲ್ಕು ಜನ ಗೆಳೆಯರು ಸೇರಿ ಒಬ್ಬರ ಫೋನನ್ನು ಗೆರೆಯ ನೇರಕ್ಕೆ ಕೂರಿಸಿ. ಉಳಿದವರು ಹಗ್ಗ ಕಟ್ಟಿ ಜನರನ್ನು ಹಗ್ಗದ ಹಿಂದೆ ನಿಲ್ಲಿಸಿ. ನೀವೂ ಹಗ್ಗದ ಹಿಂದೆಯೇ ನಿಂತು ಎಷ್ಟು ಬೇಕಾದರೂ ಫೋಟೊ ತೆಗೆಯಿರಿ. ಹುಡುಗರು ತುಳಿದು ಬಂದ ದಾರಿಗೆ ನಾವು ಕೊಡಬಹುದಾದ ಮರ್ಯಾದೆ ಅಷ್ಟೇ: ದಾರಿ ಬಿಡುವುದು, ಮತ್ತು ಯಾರ ಗಾಲಿ ಮೊದಲು ಮುಟ್ಟಿತು ಎಂಬುದನ್ನು ಸರಿಯಾಗಿ ಹೇಳುವುದು.